ಮಾರಾಲಳ ಕಾಲಿಗೆ ಕಟ್ಟಿದ ದಾರ

ಕುರಿಮಂದೆಗಳು ಬೇಸಿಗೆಯ ಬೆಟ್ಟದಿಂದ ಇಳಿದು ವಾರವಾಗಿತ್ತು. ಹಿಮ ಇನ್ನೂ ಬಿದ್ದಿರಲಿಲ್ಲ. ಇಬ್ಬನಿ ಮಾತ್ರ ಹುಲ್ಲಿನ ಮೇಲೆ ಗಟ್ಟಿಯಾಗಿ ಕೂತು ಬೂಟಿನಡಿಯಲ್ಲಿ ಕರಕರ ಅನ್ನುತ್ತಿತ್ತು. ಹಸು ಕರೆಯುವ ಹೊತ್ತು. ಶಾರ್ಶೆನ್ ಕೊಟ್ಟಿಗೆಯ ಬಾಗಿಲಲ್ಲಿ ಕುಕ್ಕರಗಾಲಿನಲ್ಲಿ ಕೂತು, ಒಂದು ಎಳೆ ಕಪ್ಪು ಉಣ್ಣೆ ಒಂದು ಎಳೆ ಬಿಳಿ ಉಣ್ಣೆ ಸೇರಿಸಿ ತೊಡೆಯ ಮೇಲೆ ದಾರ ಹೊಸೆಯುತ್ತಿದ್ದ. ಒಳಗೆ ಅವನ ಹೆಂಡತಿ ಅನಿಪಾ ಹಾಲು ಕರೆಯುತ್ತಿದ್ದಳು. ತಪ್ಪಲೆಗೆ ಬೀಳುವ ಧಾರೆಯ ಸದ್ದಿಗೂ ತನ್ನ ಅಂಗೈ ಉಜ್ಜುವ ಸದ್ದಿಗೂ ತಾಳ ಕೂಡಿಕೊಂಡಿರುವುದು ಅವನಿಗೆ ತಟ್ಟನೆ ಗೊತ್ತಾಯಿತು. ಗೊತ್ತಾದ ಕೂಡಲೇ ಹೆದರಿಕೆಯಾಯಿತು, ಇಷ್ಟು ಹತ್ತಿರದಲ್ಲಿ ಕೈ ಆಡುತ್ತಿದ್ದರೆ ಒಳಗಿನ ಮಾತೂ ಅವಳಿಗೆ ಕೇಳಿಸಿಬಿಡುತ್ತದೇನೋ ಎಂಬ ಹಾಗೆ. ಅವನು ಕೈ ನಿಲ್ಲಿಸಿದ. ಅವಳೂ ನಿಲ್ಲಿಸಿದಳು. ಮುಗಿಯಿತೇ ಎಂದು ಹಸುವಿನ ಹಿಂದಿನಿಂದ ಕೇಳಿದಳು. ಇನ್ನೊಂದು ಗೇಣು ಎಂದ. ಮತ್ತೆ ಧಾರೆ ಶುರುವಾಯಿತು.

ಆ ಊರಿನಲ್ಲಿ ಮಗು ಎದ್ದು ನಾಲ್ಕು ಹೆಜ್ಜೆ ಇಟ್ಟ ಮೇಲೆ ಇಂಥ ದಾರವನ್ನು ಅದರ ಎರಡು ಕಾಲಿಗೂ ಸುತ್ತಿ ಕಟ್ಟುತ್ತಾರೆ. ಕೇರಿಯ ಮಕ್ಕಳು ದೂರದಿಂದ ಓಡಿ ಬರುತ್ತಾರೆ. ಮೊದಲು ಬಂದು ಮುಟ್ಟಿದವರು ಚಾಕು ತೆಗೆದುಕೊಂಡು ದಾರ ಕತ್ತರಿಸಿ, ಮಗುವಿನ ಎರಡು ಕೈ ಹಿಡಿದು ನಡೆಸಬೇಕು. ಹುಟ್ಟುವಾಗ ಕಾಲಿಗೆ ಬಿದ್ದು ಬಂದ, ಕಣ್ಣಿಗೆ ಕಾಣದ ಕಟ್ಟೊಂದು ಅಲ್ಲಿಗೆ ಬಿಡುತ್ತದೆ. ಇನ್ನು ಮಗು ಎಡವದೆ ಬಾಳಿನುದ್ದಕ್ಕೂ ನಡೆಯುತ್ತದೆ. ಕತ್ತರಿಸಿದವರ ಚುರುಕು, ಕತ್ತರಿಸಿದವರ ಗುಣ ಮಗುವಿಗೆ ಅಂಟುತ್ತದೆ ಎಂದು ನಂಬಿಕೆ. ಶಾರ್ಶೆನನ ಮಗಳು ಮಾರಾಲ್‌ಗೆ ಹದಿನೇಳು ತಿಂಗಳು ತುಂಬಿತ್ತು. ಅವಳು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಒಂದನ್ನೂ ಇಟ್ಟಿರಲಿಲ್ಲ. ಎಡಗಾಲನ್ನು ಹಿಂದೆ ಎಳೆದುಕೊಂಡು ಮೊಣಕೈಯ ಮೇಲೆ ಜಮಖಾನದ ಈ ತುದಿಯಿಂದ ಆ ತುದಿಗೆ ಹೋಗುತ್ತಿದ್ದಳು. ಹೋಗಿ ಮುಟ್ಟಿದ ಕೂಡಲೇ ಹಿಂತಿರುಗಿ ನೋಡಿ ನಗುತ್ತಿದ್ದಳು. ಮೊದಲು ಕಾಲು, ಆಮೇಲೆ ದಾರ. ಊರೆಲ್ಲ ಹಾಗೆ. ಮೊದಲು ದಾರ ಮಾಡೋಣ, ಕಟ್ಟು ಬಿಟ್ಟರೆ ಕಾಲು ತಾನಾಗಿ ಬರುತ್ತದೆ ಎಂದು ಹೇಳಿದವನು ಶಾರ್ಶೆನನೇ. ಅವನ ತಾಯಿ ಊಲ್ಕಾನ್ ಮುದುಕಿಗೆ ಆ ಮಾತು ಹಿಡಿಸಿತು. ಅನಿಪಾ, ಡಾಕ್ಟರು ಹೇಳಿದ್ದರಲ್ಲ ಎಂದಳು. ದಾರ ಆದ ಮೇಲೂ ಆಗದಿದ್ದರೆ ನೋಡೋಣ ಎಂದ ಅವನು. ಅಷ್ಟು ಸಲೀಸಾಗಿ ಅಂದದ್ದು ತಾನೇ ಎಂದು ಅವನಿಗೆ ಈಗಲೂ ಆಶ್ಚರ್ಯ.

ಡಾಕ್ಟರು ಹೇಳಿದ್ದು ಜುಲೈ ತಿಂಗಳಲ್ಲಿ. ತಾಲ್ಲೂಕು ಊರಿನ ಆಸ್ಪತ್ರೆಯ ಕೋಣೆಯಲ್ಲಿ ಒಂದು ನೊಣ ಕಿಟಕಿಯ ಗಾಜಿಗೆ ತಲೆ ಬಡಿಯುತ್ತಿತ್ತು. ಶಾರ್ಶೆನ್ ಅದನ್ನೇ ನೋಡುತ್ತಿದ್ದ. ದಪ್ಪ ಕನ್ನಡಕದ ಹೆಂಗಸು ಮಗುವಿನ ಕಾಲನ್ನು ಮಡಿಸಿ, ಬಿಡಿಸಿ, ಮಗು ಕಿರುಚಿದಾಗ ಅಲ್ಲೇ ತಡೆದು, ತಲೆ ಎತ್ತದೆ ಕೇಳಿದ್ದಳು: ಎಲ್ಲಿಂದಾದರೂ ಬಿದ್ದಿತ್ತೇ? ಅವನ ಬಾಯಿ ತೆರೆದಿತ್ತು. ಅಷ್ಟರಲ್ಲಿ ಅನಿಪಾ, ಇಲ್ಲ, ನಾನು ನೆಲಕ್ಕೇ ಬಿಡುವುದಿಲ್ಲ ಎಂದಳು, ಮರ್ಯಾದೆಗೆ ಪೆಟ್ಟು ಬಿದ್ದವಳ ಹಾಗೆ. ಡಾಕ್ಟರು ಅವನ ಕಡೆ ನೋಡಿದಳು. ಅವನು ತಲೆ ಆಡಿಸಿದ. ಹೌದೆಂದೋ ಇಲ್ಲವೆಂದೋ ತಿಳಿಯದ ಹಾಗೆ ಆಡಿಸಬೇಕೆಂದುಕೊಂಡಿದ್ದ. ಇಲ್ಲ ಎಂಬಂತೆಯೇ ಆಡಿತು. ಆಕೆ ಒಂದು ಸೀಸೆ ಹನಿಮದ್ದು ಬರೆದುಕೊಟ್ಟು, ಶರತ್ಕಾಲದ ಹೊತ್ತಿಗೂ ನಿಲ್ಲದಿದ್ದರೆ ರಾಜಧಾನಿಗೆ ಕರೆದುಕೊಂಡು ಹೋಗಿ ಸೊಂಟದ ಮೂಳೆಯ ಫೋಟೋ ತೆಗೆಸಿ ಎಂದಳು. ವ್ಯಾನಿನಲ್ಲಿ ವಾಪಸು ಬರುವಾಗ ಅನಿಪಾ ಮಗುವಿಗೆ ಹಾಲು ಕುಡಿಸುತ್ತ ಅವನ ಭುಜಕ್ಕೆ ಒರಗಿ ನಿದ್ದೆ ಹೋದಳು. ಅವನು ಆ ಫೋಟೋವನ್ನೇ ಯೋಚಿಸಿದ. ಕಪ್ಪು ಹಾಳೆಯಲ್ಲಿ ಬೆಳ್ಳಗೆ ಮೂಳೆ ಕಾಣುತ್ತದೆ. ಮೂಳೆಯ ಪಕ್ಕದಲ್ಲಿ ಕಾಲುವೆಯ ದಂಡೆ, ಹಿಮಗಡ್ಡೆ, ಕೆಂದು ಕುದುರೆ, ಅದರ ಮೇಲೆ ತಾನು, ತನ್ನ ಕೈ, ಎಲ್ಲ ಕಾಣುತ್ತದೆ. ಹಾಗೆ ಕಾಣುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಬೆವರಿದ.

ಮಾರ್ಚ್ ತಿಂಗಳು, ಮಧ್ಯಾಹ್ನ ಇಳಿಹೊತ್ತು. ಅನಿಪಾ ತನ್ನ ಅತ್ತೆಯ ಜೊತೆ ಪಕ್ಕದ ಹಳ್ಳಿಯಲ್ಲಿ ಸತ್ತವರ ಮನೆಗೆ ಹೋಗಿದ್ದಳು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಹುಟ್ಟಿದ ಮಗಳು. ಹತ್ತು ತಿಂಗಳಾದರೂ ಅವನು ಅವಳ ಜೊತೆ ಒಂದು ಗಳಿಗೆಯೂ ಒಬ್ಬನೇ ಇದ್ದದ್ದಿಲ್ಲ. ಹೆಂಗಸರು ಸುತ್ತ ಇದ್ದೇ ಇರುತ್ತಿದ್ದರು, ಅವನು ಮುತ್ತಿಟ್ಟರೆ ಗಡ್ಡ ಚುಚ್ಚುತ್ತದೆ ಎಂದು ಬೈಯುತ್ತಿದ್ದರು. ಆವತ್ತು ಅವಳನ್ನು ಶಾಲಿನಲ್ಲಿ ಸುತ್ತಿ ಕುದುರೆಯ ಮೇಲೆ ಮುಂದೆ ಕೂರಿಸಿಕೊಂಡ. ಅದರಲ್ಲಿ ತಪ್ಪೇನೂ ಇಲ್ಲ. ಅವನ ಅಪ್ಪ ಅವನನ್ನು, ಅಜ್ಜ ಅಪ್ಪನನ್ನು ಹಾಗೇ ಕೂರಿಸಿಕೊಂಡು ಊರು ಸುತ್ತಿದ್ದರು. ಮಗು ಕಡಿವಾಣ ಹಿಡಿದು ಹೂಂ ಹೂಂ ಅನ್ನುತ್ತಿದ್ದಳು. ಕಾಲುವೆಯ ಹತ್ತಿರ ಕುದುರೆಯ ಹಿಂಗಾಲು ಜಾರಿತು. ಬೀಳಲಿಲ್ಲ, ಜಾರಿತು ಅಷ್ಟೆ. ಮರುಕ್ಷಣ ಸರಿಯಾಗಿ ನಿಂತುಕೊಂಡಿತು. ಆ ಒಂದು ಕ್ಷಣದಲ್ಲಿ ಅವನ ಎರಡು ಕೈಯೂ ಮಗುವನ್ನು ಬಿಟ್ಟು ಜೀನನ್ನು ಹಿಡಿದವು. ಯಾರೂ ಅವಕ್ಕೆ ಹೇಳಿರಲಿಲ್ಲ. ಶಾಲು ಸಮೇತ ಮಗು ಎಡಕ್ಕೆ ಉರುಳಿ ಗಡ್ಡೆಕಟ್ಟಿದ ಹಿಮದ ಮೇಲೆ ಬಿದ್ದಿತು. ಅತ್ತಳು, ಬಿಕ್ಕಿದಳು, ಸುಮ್ಮನಾದಳು. ರಕ್ತ ಇರಲಿಲ್ಲ. ಅವನು ಮನೆಗೆ ತಂದು ತೊಟ್ಟಿಲಲ್ಲಿ ಮಲಗಿಸಿ, ಮಗು ಅಲುಗದಂತೆ ಹೆಂಗಸರು ಕೈಕಾಲಿನ ಮೇಲೆ ಕಟ್ಟುವ ಹಾಗೆ ಬಟ್ಟೆಯ ಪಟ್ಟಿ ಬಿಗಿದು ತೂಗಿದ. ಅನಿಪಾ ಬಂದಾಗ ಮಗು ನಿದ್ದೆಯಲ್ಲಿತ್ತು. ಅಳಲಿಲ್ಲವೇ ಎಂದು ಕೇಳಿದಳು. ಸ್ವಲ್ಪ ಎಂದ. ಆ ಸಂಜೆ ಅವಳು ಅವನನ್ನು ಹೊಗಳಿದಳು, ಗಂಡಸರ ಕೈಗೂ ಮಗು ಒಗ್ಗುತ್ತದೆ ನೋಡಿ ಎಂದು ಅತ್ತೆಗೆ ಹೇಳಿದಳು. ಆಗಲೇ ಹೇಳಿಬಿಟ್ಟಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಮಾರನೆಯ ದಿನ ಹೇಳಬೇಕಾದರೆ ನಿನ್ನೆ ಯಾಕೆ ಹೇಳಲಿಲ್ಲ ಎಂಬುದನ್ನೂ ಹೇಳಬೇಕಿತ್ತು. ಮೂರನೆಯ ದಿನ ಇನ್ನೂ ಹೆಚ್ಚು. ಹೀಗೆ ಏಳು ತಿಂಗಳು.

ಆ ಏಳು ತಿಂಗಳಲ್ಲಿ ಅವನು ಐದು ಹೊತ್ತಿನ ನಮಾಜು ಹಿಡಿದ. ಹಿಂದೆ ಹಬ್ಬಕ್ಕೆ ಮಾತ್ರ ಮಸೀದಿಯ ಮೆಟ್ಟಿಲು ಹತ್ತುತ್ತಿದ್ದವನು ಈಗ ಎಲ್ಲರಿಗಿಂತ ಮೊದಲು ಹೋಗಿ ಚಳಿ ಕಾಯಿಸುವ ಒಲೆ ಹಚ್ಚುತ್ತಿದ್ದ. ಒಂದು ಶುಕ್ರವಾರ ಮುಲ್ಲಾ ಎಲ್ಲರ ಎದುರಿಗೆ, ಶಾರ್ಶೆನನ್ನು ನೋಡಿ ಕಲಿಯಿರಿ, ತಂದೆಯಾದ ಮೇಲೆ ಮನುಷ್ಯ ಹೇಗೆ ತಿದ್ದಿಕೊಳ್ಳುತ್ತಾನೆ ಎಂದು ಹೇಳಿದ. ಶಾರ್ಶೆನನ ಕಿವಿ ಸುಟ್ಟುಹೋದವು. ಹಣೆ ನೆಲಕ್ಕೆ ತಾಗಿದಾಗೆಲ್ಲ ಅವನು ಕೇಳುತ್ತಿದ್ದದ್ದು ಒಂದೇ: ಅವಳು ನಿಲ್ಲಲಿ, ಆಮೇಲೆ ಹೇಳುತ್ತೇನೆ. ನಿಂತ ಮೇಲೆ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ ಎಂದು ದೇವರಿಗೆ ಗೊತ್ತಿಲ್ಲದೆ ಇದ್ದೀತೇ? ತಾನು ಹೆದರಿರುವುದು ದೇವರಿಗೋ ಅನಿಪಾಳಿಗೋ ಎಂದು ಒಮ್ಮೊಮ್ಮೆ ಕೇಳಿಕೊಳ್ಳುತ್ತಿದ್ದ. ದೇವರಿಗಾದರೆ ಎಲ್ಲ ಗೊತ್ತು. ಗೊತ್ತಿದ್ದವನಿಗೆ ಹೆದರುವುದು ಸುಲಭ. ಅನಿಪಾಳಿಗೆ ಗೊತ್ತಿಲ್ಲ. ಅವಳು ದಿನವೂ ಅವನ ಬಟ್ಟಲಿಗೆ ಚಹಾ ಸುರಿಯುತ್ತಿದ್ದಳು.

ಇನ್ನೊಂದು ಇತ್ತು. ಮಗುವಿನ ಕಾಲು ಹೀಗಾದದ್ದಕ್ಕೆ ಕಾರಣ ಬೇಕಿತ್ತು, ಊಲ್ಕಾನ್ ಮುದುಕಿ ಕಾರಣ ಹುಡುಕಿಕೊಂಡಿದ್ದಳು. ಸೊಸೆ ತೊಟ್ಟಿಲಲ್ಲಿ ಪಟ್ಟಿ ಅತಿ ಬಿಗಿಯಾಗಿ ಕಟ್ಟಿದ್ದೇ ಕಾರಣ. ನೀರು ತರುವಲ್ಲಿ, ಹಿಟ್ಟು ನಾದುವಲ್ಲಿ, ನೆಂಟರ ಎದುರಿಗೆ, ಬೈಗುಳದಂತೆ ಅಲ್ಲ, ಮರುಕದಂತೆ ಹೇಳುತ್ತಿದ್ದಳು: "ಪಾಪ, ತಾಯಿಯಿಲ್ಲದೆ ಬೆಳೆದವಳು. ಕಟ್ಟೋದು ಯಾರು ಕಲಿಸ್ಬೇಕು? ಕುರಿ ಕಟ್ಟಿದ ಹಾಗೆ ಕಟ್ಟಿದ್ಳು." ಅನಿಪಾ ಮೊದಮೊದಲು ಎದುರು ಹೇಳುತ್ತಿದ್ದಳು. ಬೇಸಿಗೆಯ ಹೊತ್ತಿಗೆ ಬಿಟ್ಟಳು. ಒಂದು ಸಲ ಶಾರ್ಶೆನ್ ಒಳಗೆ ಬಂದಾಗ ಅವಳು ಖಾಲಿ ತೊಟ್ಟಿಲ ಪಕ್ಕ ಕೂತು ಪಟ್ಟಿಯನ್ನು ತನ್ನ ಮಣಿಕಟ್ಟಿಗೇ ಸುತ್ತಿ ಎಳೆದು ನೋಡುತ್ತಿದ್ದಳು, ಎಷ್ಟು ಬಿಗಿ ಎಂದರೆ ಎಷ್ಟು ಎಂದು. ಅವನನ್ನು ಕಂಡು ಬೇಗ ಬಿಚ್ಚಿದಳು. ಅವನು ಏನನ್ನೋ ಮರೆತವನ ಹಾಗೆ ಹೊರಗೆ ಹೋದ. ಹೊರಗೆ ಹೋಗಿ ಕುದುರೆಗೆ ಹುಲ್ಲು ಹಾಕಿದ; ಮೊದಲು ಹಾಕಿದ ಹುಲ್ಲೇ ಅಲ್ಲಿ ಇನ್ನೂ ಇತ್ತು.

ಭಾನುವಾರ ಮಧ್ಯಾಹ್ನದ ಹೊತ್ತಿಗೆ ಅಂಗಳದಲ್ಲಿ ಜನ ಕೂಡಿದರು. ಎಣ್ಣೆಯಲ್ಲಿ ಕರಿದ ಬೊರ್ಸೋಕ್ ಹಿಟ್ಟಿನುಂಡೆಗಳನ್ನು ಮೇಜಿನ ತುಂಬ ಹರವಿದ್ದರು, ಒಂದು ಕುರಿ ಬೇಯುತ್ತಿತ್ತು. ದಾರ ಕತ್ತರಿಸುವುದೆಲ್ಲ ಧರ್ಮದಲ್ಲಿಲ್ಲ ಎಂದು ಮುಲ್ಲಾ ಬರಲಿಲ್ಲ. ಆದರೆ ಮಾಂಸ ಧರ್ಮದಲ್ಲಿದೆ, ಆಮೇಲೆ ಬರುತ್ತಾನೆ ಎಂದು ನೆರೆಮನೆಯ ಮುದುಕ ಕಾಲ್ಮುರ್ಜಾ ಎಲ್ಲರನ್ನೂ ನಗಿಸಿದ. ಓಡುವವರು ಯಾರು ಎಂಬ ಮಾತು ಬಂದಾಗ ಅವನೇ ಮತ್ತೆ ಅಂದ: "ಮಕ್ಕಳೇ ಓಡ್ಲಪ್ಪ. ನಾನು ಕತ್ತರಿಸಿದ್ರೆ ಈ ಕೂಸು ನೆಟ್ಟಗೆ ಚಹಾದ ಹಂಡೆ ಹತ್ರಕ್ಕೆ ನಡೀತದೆ, ಬೇರೆ ಎಲ್ಲಿಗೂ ಹೋಗಲ್ಲ." ಶಾರ್ಶೆನನೂ ನಕ್ಕ. ನಗುತ್ತ ನಗುತ್ತಲೇ ತನ್ನ ದಾರವನ್ನು ಯಾರು ಕತ್ತರಿಸಿದ್ದರು ಎಂದು ನೆನಪು ಮಾಡಿಕೊಳ್ಳಲು ನೋಡಿದ. ಸೋದರಮಾವ ಕತ್ತರಿಸಿದ್ದನಂತೆ. ಒಳ್ಳೆಯ ಮನುಷ್ಯ, ತೋಳ ಬಂದಾಗ ಮಂದೆ ಬಿಟ್ಟು ಬಂದವನಲ್ಲ. ಹಾಗಾದರೆ ಮಗುವನ್ನು ಬಿಟ್ಟ ಈ ಕೈ ಯಾರದು? ಯಾರ ಮೇಲೂ ಹೊರಿಸಲಿಕ್ಕೆ ದಾರಿ ಇರಲಿಲ್ಲ. ಅನಿಪಾ ಮಗುವಿಗೆ ಹೊಸ ಕೆಂಪು ನಡುವಂಗಿ ತೊಡಿಸಿ ತಂದು ಜಮಖಾನದ ಮೇಲೆ ಇಟ್ಟಳು. ಅವನು ಮೊಣಕಾಲೂರಿ ದಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ಸುತ್ತಿದ. ಬಲಗಾಲು ಒದೆಯಿತು, ಅವನ ಗಡ್ಡಕ್ಕೆ ತಾಗಿತು. ಎಡಗಾಲು ಇಟ್ಟಲ್ಲೇ ಇತ್ತು, ಬೆಚ್ಚಗಿತ್ತು. ಗಂಟು ಎರಡು ಸಲ ತಪ್ಪಿ ಮೂರನೆಯ ಸಲಕ್ಕೆ ಬಿದ್ದದ್ದನ್ನು ಊಲ್ಕಾನ್ ನೋಡಿ, ಹೊಸ ಅಪ್ಪ ನೋಡ್ರೇ, ಮದುವಣಿಗನ ಹಾಗೆ ತಡಬಡಾಯಿಸ್ತಾನೆ ಎಂದಳು.

ಬೇಲಿಯ ಆಚೆಯಿಂದ ಒಂಬತ್ತು ಮಕ್ಕಳು ಓಡಿ ಬಂದರು. ಮೊದಲು ಬಂದದ್ದು ಸಾಯ್ರಾ, ಕಾಲ್ಮುರ್ಜಾನ ಮೊಮ್ಮಗಳು, ಹತ್ತು ವರ್ಷದ ಕಡ್ಡಿಯಂಥ ಹುಡುಗಿ. ಒಂದು ಬೂಟು ದಾರಿಯಲ್ಲೇ ಬಿಟ್ಟು ಬಂದಿದ್ದಳು. ಎಲ್ಲರೂ ಹೋ ಎಂದರು. ಅವಳು ಚಾಕು ತೆಗೆದುಕೊಂಡು, ನಾಲಿಗೆ ಕಚ್ಚಿ, ಬಹಳ ಜೋಪಾನವಾಗಿ ದಾರ ಕೊಯ್ದಳು. ದಾರ ಎರಡಾಗಿ ಬಿತ್ತು. ಶಾರ್ಶೆನ್ ಮುಂದಕ್ಕೆ ಬಾಗಿದ. ಈಗ, ಎಂದುಕೊಂಡ, ಈಗ, ಈಗ. ಸಾಯ್ರಾ ಮಗುವಿನ ಎರಡು ಕೈ ಹಿಡಿದು ಮೇಲಕ್ಕೆ ಎತ್ತಿ ಮುಂದಕ್ಕೆ ಎಳೆದಳು. ಮಾರಾಲ್ ಬಲಗಾಲು ಊರಿ ನಿಂತಳು, ನಿಜವಾಗಿ ನಿಂತಳು, ಹೆಂಗಸರು ಕೈ ತಟ್ಟಿದರು. ಆಮೇಲೆ ಭಾರ ಎಡಗಾಲಿಗೆ ಬಂತು. ಅವಳ ಬಾಯಿಂದ ಹೊರಟ ಕೂಗು ಮಗುವಿನದರಂತೆ ಇರಲಿಲ್ಲ. ಅವಳು ಮುಖ ಅಡಿಯಾಗಿ ಜಮಖಾನದ ಮೇಲೆ ಕುಸಿದಳು.

ಸಾಯ್ರಾ ಚಾಕು ಬಿಸಾಡಿ, ನಾನು ತಾಗಿಸಲಿಲ್ಲ, ಚರ್ಮಕ್ಕೆ ತಾಗಿಸಲೇ ಇಲ್ಲ ಎಂದು ಅಳಲು ಶುರುಮಾಡಿದಳು. ಯಾರೋ ಮಗುವಿನ ಕಾಲು ನೋಡಿದರು, ಗಾಯವಿರಲಿಲ್ಲ. ಹಿಂದಿನಿಂದ ಒಬ್ಬ ಹೆಂಗಸು ತಗ್ಗಿದ ದನಿಯಲ್ಲಿ, ಒಂದು ಕಾಲಿಗೆ ಬೂಟಿಲ್ಲದೆ ಬಂದು ಕತ್ತರಿಸಿದರೆ ಇನ್ನೇನಾಗುತ್ತದೆ ಎಂದಳು. ಇನ್ನೊಬ್ಬಳು ಹೌದೆಂದಳು. ಎಲ್ಲರ ಕಣ್ಣೂ ಹುಡುಗಿಯ ಬರಿಗಾಲಿನ ಮೇಲೆ ಹೋಯಿತು. ಅವಳು ಆ ಕಾಲನ್ನು ಇನ್ನೊಂದರ ಹಿಂದೆ ಅಡಗಿಸಿಕೊಂಡಳು. ಶಾರ್ಶೆನ್ ನೋಡುತ್ತಿದ್ದ. ಒಳಗೆ ಎಲ್ಲೋ ಒಂದು ಮೂಲೆಯಲ್ಲಿ, ಅವನು ಮುಂದೆ ಎಂದೂ ಮರೆಯದ ಹಾಗೆ, ಸಮಾಧಾನವೊಂದು ಹುಟ್ಟಿತು: ಕಾರಣ ಸಿಕ್ಕಿತು, ಇನ್ನು ಯಾರೂ ಹುಡುಕುವುದಿಲ್ಲ. ಅದು ಹುಟ್ಟಿದ್ದನ್ನು ಕಂಡು ಅವನಿಗೆ ತನ್ನ ಮೇಲೆಯೇ ಭಯವಾಯಿತು, ಕತ್ತಲೆ ಕೋಣೆಯಲ್ಲಿ ಇನ್ನೊಬ್ಬ ಇದ್ದಾನೆ ಎಂದು ತಿಳಿದ ಹಾಗೆ. ಆದರೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವಳು ಅನಿಪಾ. ಮಗುವನ್ನು ಎದೆಗೆ ಒತ್ತಿಕೊಂಡು, ಒಂದು ಕೈಯಿಂದ ಸಾಯ್ರಾಳನ್ನು ಹತ್ತಿರ ಎಳೆದುಕೊಂಡು, ಜನದ ಕಡೆ ತಿರುಗಿದಳು. "ಹುಡುಗೀನ ಏನೂ ಅನ್ಬೇಡಿ. ತಪ್ಪು ನಂದು. ನಾನೇ ಬಿಗಿಯಾಗಿ ಕಟ್ತಿದ್ದೆ. ಅತ್ತೆ ಹೇಳ್ತಾನೇ ಇದ್ರು, ನಾನು ಕೇಳ್ಲಿಲ್ಲ." ಏಳು ತಿಂಗಳು ಒಪ್ಪದ್ದನ್ನು ಈಗ ಒಪ್ಪಿಕೊಂಡಿದ್ದಳು; ಯಾರದೋ ಮಗುವಿಗಾಗಿ ಒಪ್ಪಿಕೊಂಡಳೋ, ನಿಜವಾಗಿ ನಂಬಿಯೇ ಬಿಟ್ಟಿದ್ದಳೋ ಶಾರ್ಶೆನ್‌ಗೆ ತಿಳಿಯಲಿಲ್ಲ. ಅವಳ ಮುಖ ನೋಡಿದ. ನಂಬಿದ್ದಳು.

"ಅವಳು ಕುದುರೆ ಮೇಲಿಂದ ಬಿದ್ಲು," ಎಂದ ಅವನು. ದನಿ ಎಷ್ಟು ಸಣ್ಣದಾಗಿತ್ತೆಂದರೆ ಕಾಲ್ಮುರ್ಜಾ ಯಾರು ಎಂದು ಕೇಳಿದ. "ಮಾರಾಲ್. ಮಾರ್ಚ್ ತಿಂಗಳಲ್ಲಿ. ನನ್ನ ಮುಂದೆ ಕೂತಿದ್ಲು. ಕುದುರೆ ಜಾರ್ತು, ನಾನು ಜೀನು ಹಿಡ್ಕೊಂಡೆ."

ಕೊನೆಯ ಮಾತು ಯಾಕೆ ಸೇರಿಸಿದನೆಂದು ಯಾರಿಗೂ ಅರ್ಥವಾಗಲಿಲ್ಲ. ಕುದುರೆ ಜಾರಿದರೆ ಯಾರಾದರೂ ಜೀನು ಹಿಡಿಯುತ್ತಾರೆ, ಅದನ್ನು ಹೇಳಬೇಕೇ? ಒಬ್ಬ ಗಂಡಸು, ಆಗುತ್ತದೆ, ನನ್ನ ಮಗನೂ ಎರಡು ಸಲ ಬಿದ್ದಿದ್ದ ಎಂದ. ಊಲ್ಕಾನ್ ಮುದುಕಿ, ಆ ಕೆಂದು ಕುದುರೆ ಮೊದಲಿಂದಲೂ ಸರಿಯಿಲ್ಲ, ಮಾರಿಬಿಡು ಎಂದಳು. ಅರ್ಥವಾದದ್ದು ಅನಿಪಾಳಿಗೆ ಮಾತ್ರ. ಅವಳು ಅವನ ಕೈಗಳನ್ನು ನೋಡಿದಳು, ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು, ಯಾರದೋ ಸಾಮಾನು ನೋಡುವ ಹಾಗೆ. ಮದುವೆಯಾದಂದಿನಿಂದ ಅವನನ್ನು ನೀವು ಎಂದಲ್ಲದೆ ಬೇರೆ ಕರೆದವಳಲ್ಲ.

"ಯಾವ ಕಡೆಗೆ ಕೆಡವಿದೆ ನೀನು?"

"ಎಡಕ್ಕೆ."

"ಎಷ್ಟು ಹೊತ್ತು ಅತ್ಳು?"

ಒಂದು ಬಟ್ಟಲು ಚಹಾ ಆರುವಷ್ಟು ಹೊತ್ತು ಎಂದ. ಅವಳು ತಲೆಯಾಡಿಸಿ, ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ಬೆಂದ ಮಾಂಸವನ್ನು ಜನ ತಿಂದರು. ಮುಲ್ಲಾ ಬಂದವನು ಏನಾಯಿತೆಂದು ಕೇಳಿ ತಿಳಿದು, ಶಾರ್ಶೆನನ ಪಕ್ಕ ಕೂತು, ಹೇಳಿದೆಯಲ್ಲ, ಮನಸ್ಸು ಹಗುರಾಯಿತು ಎಂದ. ಶಾರ್ಶೆನ್ ಹೌದೆಂದ. ಆಗಿರಲಿಲ್ಲ. ಹೆದರಿಕೆ ಹೋಗುತ್ತದೆ ಎಂದುಕೊಂಡಿದ್ದ. ಅದು ಎದ್ದು ಪಕ್ಕದ ಜಾಗಕ್ಕೆ ಸರಿದು ಕೂತಿತ್ತು, ಅಷ್ಟೆ. ಗೊತ್ತಾದರೆ ಎಂಬ ಭಯ ಮುಗಿದಿತ್ತು. ಕಾಲು ಸರಿಹೋಗದಿದ್ದರೆ ಎಂಬುದು ಈಗ ಮೊದಲನೆಯ ಸಲ, ಬೇರೇನೂ ಅಡ್ಡವಿಲ್ಲದೆ, ಪೂರ್ತಿಯಾಗಿ ಕಂಡಿತು. ಏಳು ತಿಂಗಳು ತಾನು ಮಗಳಿಗಾಗಿ ಹೆದರಿಯೇ ಇರಲಿಲ್ಲ ಎಂದು ಅವನಿಗೆ ಹೊಳೆದದ್ದು ಆಗ. ಸಂಜೆ ನಮಾಜಿಗೆ ಬಗ್ಗಿದವನಿಗೆ ಕೇಳಲು ಮಾತೇ ಸಿಗಲಿಲ್ಲ; ಇದಕ್ಕೆ ಅದು ಎನ್ನುವ ಹಾಗೆ ಕೊಡಲು ಕೈಯಲ್ಲಿ ಏನೂ ಉಳಿದಿರಲಿಲ್ಲ. ಮಗಳ ಹೆಸರನ್ನಷ್ಟೇ ಹೇಳಿ ಎದ್ದ.

ಸೋಮವಾರ ಅನಿಪಾ ಚಹಾ ಸುರಿದಳು, ಬಟ್ಟಲನ್ನು ಅವನ ಕೈಗೆ ಕೊಡದೆ ಮೇಜಿನ ಮೇಲೆ ಇಟ್ಟಳು. ಮಂಗಳವಾರ ಒಂದು ಚೀಲ ಕಟ್ಟಿದಳು. ಅವಳು ತುಂಬುವುದನ್ನು ಅವನು ಬಾಗಿಲ ಸಂದಿಯಿಂದ ಎಣಿಸಿದ: ಮಗುವಿನ ಬಟ್ಟೆ, ಹಾಲಿನ ಸೀಸೆ, ಆಸ್ಪತ್ರೆಯ ಚೀಟಿ. ತನ್ನ ಅಣ್ಣನ ಮನೆಗೆ ಹೋಗುತ್ತಾಳೆ, ಮತ್ತೆ ಬರುವುದಿಲ್ಲ ಎಂದುಕೊಂಡ. ಮರುದಿನ ಬೆಳಿಗ್ಗೆ ಅವಳು ಮಗುವನ್ನೂ ಚೀಲವನ್ನೂ ಎತ್ತಿಕೊಂಡು ರಸ್ತೆಗೆ ನಡೆದಳು, ಅವನು ನಾಲ್ಕು ಮಾರು ಹಿಂದೆ ನಡೆದ. ರಾಜಧಾನಿಗೆ ಹೋಗುವ ವ್ಯಾನು ಅಂಗಡಿಯ ಮುಂದೆ ನಿಂತಿತ್ತು. ಈಕೆ ಒಂದೇ ಸೀಟು ಹೇಳಿದ್ದಾರೆ ಎಂದ ಡ್ರೈವರು. ಅವಳು ಚೀಲವನ್ನು ಸೀಟಿನ ಕೆಳಗೆ ತಳ್ಳಿ, ತಿರುಗಿ, ಮಗುವನ್ನು ಅವನ ಕೈಗೆ ಇಟ್ಟಳು.

ನೀನು ಬರುವುದಿಲ್ಲವೇ ಎಂದು ಅವನು ಕೇಳಿದ. ನನ್ನ ಒಬ್ಬನ ಕೈಲಿ ಕೊಡುತ್ತೀಯಾ, ಕಣಿವೆ ದಾರಿ, ಎಂಟು ಗಂಟೆ ಎಂದ. ಹೆದರಿಕೆಯನ್ನು ಮುಚ್ಚಿಕೊಳ್ಳಲು ಅವನಿಗೆ ನೆನಪೂ ಆಗಲಿಲ್ಲ.

"ನಾನು ಬಂದ್ರೆ ನನ್ನ ಮುಖ ನೋಡಿ ಮತ್ತೆ ಸುಳ್ಳು ಹೇಳ್ತೀಯ," ಎಂದಳು ಅನಿಪಾ. "ನೀನೇ ಹೋಗು. ಡಾಕ್ಟರಿಗೆ ನಿನ್ನ ಬಾಯಲ್ಲೇ ಹೇಳು, ಎಲ್ಲಿಂದ, ಯಾವ ಕಡೆಗೆ, ಎಷ್ಟು ಹೊತ್ತು ಅತ್ಳು ಅಂತ. ಎಲ್ಲಾ ಹೇಳಿ, ಮಗೂನ ಕರ್ಕೊಂಡು ಬಾ."

ಅಷ್ಟು ಹೇಳಿ ಅವಳು ಮಗುವಿನ ಟೋಪಿಯನ್ನು ಕಿವಿ ಮುಚ್ಚುವ ಹಾಗೆ ಎಳೆದು, ವ್ಯಾನಿನ ಬಾಗಿಲನ್ನು ಹೊರಗಿನಿಂದ ತಾನೇ ಜಗ್ಗಿ ಹಾಕಿದಳು. ಬುಧವಾರ, ಬಿಸಿಲು ಇನ್ನೂ ರಸ್ತೆಗೆ ಇಳಿದಿರಲಿಲ್ಲ. ಅನಿಪಾ ಅಂಗಡಿಯ ಮುಂದೆ ನಿಂತೇ ಇದ್ದಳು. ಹೋದವರು ಶಾರ್ಶೆನ್ ಮತ್ತು ಮಾರಾಲ್, ಇಬ್ಬರೇ.